ಗೇರಿಲ್ಲದ ಕಾರಿನಲ್ಲಿ ಅಜ್ಜಿ ಬೆಟ್ಟ ಹತ್ತಿದ್ದು

ಮಾವ,

‘ತೀರ್ಥರೂಪ ಸಮಾನರಾದ’ ಅಂತ ಶುರು ಮಾಡಬೇಕೆಂದಿದ್ದೆ. ಹಾಗೆ ಬರೆದರೆ ಬೇರೆ ಯಾರಿಗೋ ಬಂದ ಕಾಗದ ಅಂದುಕೊಂಡು ಪಕ್ಕಕ್ಕಿಟ್ಟುಬಿಡುತ್ತೀಯ. ಅದಕ್ಕೇ ಬರೀ ಮಾವ. ನಿನ್ನ ಅಕ್ಕನ ಮಗಳು ಗೌರಿ ಬರೆಯುತ್ತಿದ್ದೇನೆ. ನೀನು ಹೋಗಿ ಇಷ್ಟು ಕಾಲವಾಯಿತು. ಮಾಂಬಳ್ಳಿಯಲ್ಲಿ ನಿನ್ನ ಹೆಸರು ಹೇಳಿ ಮನೆ ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ‘ಗೇರಿಲ್ಲದ ಕಾರಿನವರ ಮನೆ’ ಅಂದರೆ ಮಾತ್ರ ಕೈ ಹಿಡಿದು ಬಾಗಿಲವರೆಗೂ ತಂದು ಬಿಡುತ್ತಾರೆ. ಒಬ್ಬ ಬೆಲ್ಲದ ವ್ಯಾಪಾರಿಗೆ ಇದಕ್ಕಿಂತ ಕೀರ್ತಿ ಇನ್ನೇನು ಬೇಕು ಹೇಳು?

ಆ ಕಾರು ಬಂದ ದಿನ ನೆನಪಿದೆಯೇ? ನೀಲಗಿರಿಯ ಟೀ ತೋಟದ ದೊರೆಯೊಬ್ಬ ಊರು ಬಿಟ್ಟು ಹೋಗುವಾಗ ಮಾರಿದ ಅಮೆರಿಕದ ಕಾರು. ನಮ್ಮ ಬೀದಿಗಿಂತ ಅದೇ ಅಗಲ ಇತ್ತು. ನೀನು ಮೀಸೆ ತೀಡುತ್ತಾ ಇಳಿದೆ. ಊರಿನ ಹಿರಿಯರು ಒಬ್ಬೊಬ್ಬರೇ ಬಾಗಿ ಒಳಗೆ ನೋಡಿದರು. ಬ್ರೇಕು ಇತ್ತು, ಅಕ್ಸಿಲರೇಟರು ಇತ್ತು. ಕ್ಲಚ್ಚು ಮಾತ್ರ ಇರಲಿಲ್ಲ. “ಮೂರು ಕಾಲಿನ ಎಮ್ಮೆ ತಂದವ್ನೆ ಕಣ್ರಲಾ, ಚೆನ್ನಾಗಿ ಟೋಪಿ ಆಕವ್ರೆ ಇವ್ನಿಗೆ” ಅಂದರು. “ಅಯ್ಯೋ, ಇದು ತಾನೇ ಗೇರು ಆಕ್ಕತದೆ ಕಣ್ರಯ್ಯಾ, ನಾವು ಆಕಂಗೇ ಇಲ್ಲ” ಅಂತ ನೀನು ಎಷ್ಟು ಬಡಿದುಕೊಂಡರೂ ಯಾರೂ ನಂಬಲಿಲ್ಲ. ಅತ್ತೆಯಂತೂ “ತಾನೇ ಗೇರು ಆಕ್ಕಳದಾದ್ರೆ ತಾನೇ ಪೆಟ್ರೋಲೂ ಕುಡ್ಕಬರಕ್ಕೇಳಿ” ಅಂದು ಒಳಗೆ ಹೋದಳು.

ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ಆ ಬೆಳಗು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಮದುವೆಯಾಗಿ ಬಂದ ವರ್ಷದಿಂದ ನಿನ್ನ ಅವ್ವ ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗುತ್ತಿದ್ದವಳು, ಒಂದು ವರ್ಷವೂ ತಪ್ಪಿಸದವಳು. ಆ ವರ್ಷ ಮಂಡಿ ಊದಿಕೊಂಡಿತು. ಬೆಟ್ಟಕ್ಕೆ ನಡೆಯುವ ಪರಸೆಯವರು ಬೀದಿಯಲ್ಲಿ ಹಾಡುತ್ತಾ ಹೊರಟರು, ಇವಳು ಅವರ ಕಾಲುಗಳನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ಹೋಗು ಅಂದರೆ, ಬಸ್ಸು ಕಂಡರೇ ಹೊಟ್ಟೆ ತೊಳಸುತ್ತದೆ ಅನ್ನುತ್ತಿದ್ದಳು. ಆಗ ನೀನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, “ಅವ್ವ, ನಾನಿಲ್ವಾ? ಕಾರ್‍ನಲ್ಲಿ ರಾಣಿ ಕೂರಿಸ್ದಂಗೆ ಕೂರಿಸ್ಕಂಡು ಓಯ್ತೀನಿ” ಅಂದೆ. ಅಜ್ಜಿಯ ಮುಖ ಅರಳಿದ್ದು ನೋಡಿ ಅತ್ತೆ ಕೂಡ ಕಾರಿನ ಮೇಲಿನ ಸಿಟ್ಟು ಬಿಟ್ಟಳು.

ಹೊರಡುವ ಹಿಂದಿನ ದಿನವೆಲ್ಲ ಅಜ್ಜಿ ಹಿತ್ತಲಲ್ಲಿ ಕೂತು ಚೆಂಡುಹೂವಿನ ಹಾರ ಕಟ್ಟಿದಳು. ಹಾರವೇ ಅದು? ನನ್ನ ತೋಳಿಗಿಂತ ದಪ್ಪ! ಮಡಿಸಿ ಮಡಿಸಿ ಕಾರಿನ ಮೂತಿಗೆ ತಾನೇ ಕಟ್ಟಿಸಿದಳು. ಎರಡೂ ಕಡೆ ಬಾಳೆಕಂದು, ನಡುವೆ ಮಾವಿನ ಸೊಪ್ಪು, ಕಬ್ಬಿನ ಜಲ್ಲೆ. ದೇವರ ಬಳಿಗೆ ಹೋಗುವ ಗಾಡಿಯನ್ನು ಬೋಳಾಗಿ ಕಳಿಸುವ ಮನೆತನವೇ ನಮ್ಮದು? ಕೊಳ್ಳೇಗಾಲದಲ್ಲಿ ಜನ ಅಂಗಡಿ ಬಿಟ್ಟು ಬಂದು ನೋಡಿದರು. ಹನೂರಿನಲ್ಲಿ ಯಾರೋ ಮದುವೆ ದಿಬ್ಬಣ ಅಂದುಕೊಂಡು ಗಂಡು ಯಾರು ಅಂತ ಕೇಳಿದರು. ನೀನು “ನಾನೇ” ಅಂದೆ. ಅತ್ತೆ ಹಿಂದಿನ ಸೀಟಿನಿಂದ ನಿನ್ನ ತಲೆಗೆ ಮೊಟಕಿದಳು.

ತಾಳಬೆಟ್ಟ ದಾಟಿ ತಿರುವುಗಳು ಶುರುವಾದ ಮೇಲೆ ನಗು ನಿಂತುಹೋಯಿತು. ಮೊದಲು ಒಲೆಯ ಮೇಲೆ ಏನೋ ಸೀದಂಥ ವಾಸನೆ ಬಂತು. ಆಮೇಲೆ ಇಂಜಿನ್ನು ಅರಚಿಕೊಂಡಿತೇ ಹೊರತು ಚಕ್ರ ಮುಂದಕ್ಕೆ ಹೋಗಲಿಲ್ಲ. ಕಾರಿನ ಕೆಳಗೆ ಕೆಂಪು ಎಣ್ಣೆ ತೊಟ್ಟಿಕ್ಕುತ್ತಿತ್ತು. ನೀನು ಗಾಬರಿಯಲ್ಲಿ ಇಂಜಿನ್ ನಿಲ್ಲಿಸಿದೆ, ಬಾನೆಟ್ ಎತ್ತಿದೆ. ಹಬೆ ಮುಖಕ್ಕೆ ಹೊಡೆಯಿತು. ನಡೆದು ಹತ್ತುತ್ತಿದ್ದ ಮುದುಕನೊಬ್ಬ ಕೋಲೂರಿ ನಿಂತು, ಕೆಟ್ಟ ಮನಸ್ಸಿನಿಂದೇನೂ ಅಲ್ಲ, ಸುಮ್ಮನೆ ಅಂದ: “ಮಾದಪ್ಪ ಕರೀದೆ ಯಾರೂ ಅತ್ತಕ್ಕಾಗಕಿಲ್ಲ ಕಣವ್ವಾ.”

ಅಜ್ಜಿ ಇಳಿದು ರಸ್ತೆಯ ಮಣ್ಣು ಹಣೆಗೆ ಹಚ್ಚಿಕೊಂಡು ಬೆಟ್ಟಕ್ಕೆ ಬೆನ್ನು ತಿರುಗಿಸಿ ನಿಂತಳು. ಲಾರಿಯವರು ಹಗ್ಗ ಕಟ್ಟಿ ನಮ್ಮನ್ನು ಹನೂರಿಗೆ ಎಳೆದು ತಂದರು. ಮನೆಗೆ ಬಂದ ಮೇಲೆ ಅಜ್ಜಿ ಅಂದದ್ದು ಇಷ್ಟೇ: “ನಿನ್ನ ತೆಪ್ಪೇನಿಲ್ಲ ಕಣ್ಲಾ ಮಗ. ಅವ್ನೇ ನಂಗೆ ಬಾಗ್ಲಾಕ್ಬುಟ್ಟ.” ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳು ಹೇಳುತ್ತಿದ್ದ ಮಾದಪ್ಪನ ಹಾಡು ಅಂದಿನಿಂದ ನಿಂತಿತು. ಸೋಮವಾರದ ದೀಪವನ್ನು ಅತ್ತೆ ಹಚ್ಚಬೇಕಾಯಿತು. ಜನ ನಕ್ಕಿದ್ದು ನಿನಗೆ ತಾಗಲೇ ಇಲ್ಲ, ಅವರು ಕಾರು ತಂದ ದಿನದಿಂದಲೂ ನಗುತ್ತಿದ್ದರು. ಆದರೆ ಆ ಹಾಡು ಕೇಳದ ಬೆಳಗುಗಳು… ನೀನು ಊಟ ಬಿಟ್ಟು ಎದ್ದು ಹೋಗುತ್ತಿದ್ದೆ, ನಾನು ನೋಡಿದ್ದೇನೆ.

ಮನೆಯ ಹಿಂದಿನ ಹುಣಸೆಮರದ ಕೆಳಗೆ ನಿನ್ನ ಎರಡು ಪಾದ ಮಾತ್ರ ಕಾರಿನಡಿಯಿಂದ ಹೊರಗೆ ಕಾಣುತ್ತಿದ್ದ ದಿನಗಳು ಶುರುವಾದದ್ದು ಆಮೇಲೆ. “ಗೌರಿ, ಬಾವ್ವ ಇಲ್ಲಿ, ಬಗ್ಗಿ ನೋಡು!” ಅಂತ ಒಂದು ದಿನ ಕಿರುಚಿದೆ. ಗೇರ್ ಬಾಕ್ಸಿನಿಂದ ಎರಡು ಸಣ್ಣ ಪೈಪು ಹೊರಟು ಮುಂದಿನ ರೇಡಿಯೇಟರಿಗೆ ಹೋಗುತ್ತಿದ್ದವು. “ಈ ಗೇರ್‌ಬಾಕ್ಸು ಎಣ್ಣೇಲೇ ಓಡದು ಕಣವ್ವ. ಬೆಟ್ಟ ಅತ್ತಾಗ ಆ ಎಣ್ಣೆ ಕಾಯ್ತದೆ. ಕಾದ ಎಣ್ಣೆ ಇಲ್ಲಿಗೆ ಬಂದು ತಣ್ಣಗಾಗಿ ವಾಪಸ್ ಓಗ್ಬೇಕು. ತಣ್ಣಗಾಗ್ನಿಲ್ಲ ಅಂದ್ರೆ ಸೀದೋಯ್ತದೆ, ಗೇರು ಜಾರ್ತದೆ.” ನಿನ್ನ ಮುಖವೆಲ್ಲ ಗ್ರೀಸು, ಹಲ್ಲು ಮಾತ್ರ ಬೆಳ್ಳಗೆ. ಇಂಜಿನ್ ನಿಲ್ಲಿಸಿದ್ದೂ ತಪ್ಪು ಅಂತ ಆಗಲೇ ನೀನು ಕಂಡುಕೊಂಡದ್ದು. ಇಂಜಿನ್ ತಿರುಗಿದರೆ ತಾನೇ ಫ್ಯಾನು ತಿರುಗುವುದು, ಎಣ್ಣೆ ಹರಿಯುವುದು? ನಿಲ್ಲಿಸಿದರೆ ಕಾದ ಎಣ್ಣೆ ಕಾದ ಕಡೆಯೇ ಕೂತು ಇನ್ನಷ್ಟು ಬೇಯುತ್ತದೆ. ಸ್ಟೇರಿಂಗಿನ ಬಳಿಯ ಕಡ್ಡಿಯನ್ನು ‘ಎಲ್’ ಅನ್ನುವ ಅಕ್ಷರಕ್ಕೆ ಇಳಿಸಿದರೆ ಬೆಟ್ಟದಲ್ಲಿ ಗೇರು ಒದ್ದಾಡುವುದಿಲ್ಲ ಅಂತಲೂ ಪತ್ತೆ ಮಾಡಿದೆ. ಅದುವರೆಗೂ ಆ ಅಕ್ಷರ ಕಂಪನಿಯವರು ಅಂದಕ್ಕೆ ಬರೆದದ್ದು ಅಂದುಕೊಂಡಿದ್ದೆವು. ಮೈಸೂರಿನಿಂದ ಹೊಸ ಎಣ್ಣೆ ತಂದೆ. ರೇಡಿಯೇಟರಿನ ಸಂದಿಯಲ್ಲಿ ಸತ್ತು ಅಂಟಿದ್ದ ಮಿಡತೆಗಳನ್ನು ನಾನು ಪೊರಕೆಯ ಹಂಚಿಕಡ್ಡಿಯಲ್ಲಿ ಕಿತ್ತೆ.

ಮಳೆಯಿಲ್ಲದೆ ಬತ್ತಿದ ಕೆರೆಯಂಗಳಕ್ಕೆ ಕಾರು ಇಳಿಸಿ ನನ್ನನ್ನು ಸ್ಟೇರಿಂಗಿನ ಮುಂದೆ ಕೂರಿಸಿದೆಯಲ್ಲ, ಆ ಮಧ್ಯಾಹ್ನಕ್ಕೆ ನಾನು ನಿನಗೆ ಏಳು ಜನ್ಮ ಋಣಿ. “ನನಗೆ ಬರಕಿಲ್ಲ ಮಾವ” ಅಂದೆ ನಾನು. “ಬ್ಯಾರೆ ಗಾಡೀಗೆ ಎರಡು ಕಾಲು ಬೇಕು, ಇದಕ್ಕೆ ಒಂದೇ ಸಾಕು. ನಾನು ವರ್ಗೆ ನಿಂತು ವಾಸ್ನೆ ನೋಡ್ಬೇಕು, ತುಳಿ!” ಅಂದೆ ನೀನು. ಹಿಂದಿನ ಸೀಟಿಗೆ ಬೆಲ್ಲದ ಮೂಟೆ ಹೇರಿದ್ದೆ, ಬೆಟ್ಟದ ಭಾರ ಬರಲಿ ಅಂತ. ನಾನು ಕೆರೆಯಂಗಳದಲ್ಲಿ ಧೂಳೆಬ್ಬಿಸಿಕೊಂಡು ಗಿರಕಿ ಹೊಡೆದೆ. ಏರಿಯ ಮೇಲೆ ಊರೇ ಸೇರಿತ್ತು. “ಗಾಣದೆತ್ತು ತಿರುಗ್ದಂಗೆ ತಿರುಗ್ತಾವ್ಳೆ!” ಅಂತ ಹೆಂಗಸರು ಕೂಗಿದರು. ನನಗೆ ಆನಂದ ಅಂದರೆ ಆನಂದ. ಪ್ರತಿ ಸುತ್ತಿಗೂ ನೀನು ಕೈ ಅಡ್ಡ ಹಾಕಿ, ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿ ಎಳೆದು ಮೂಸುತ್ತಿದ್ದೆ. ಅತ್ತೆ ಸಾರಿನ ಉಪ್ಪು ನೋಡುವಷ್ಟೇ ಗಂಭೀರವಾಗಿ. ಎಣ್ಣೆ ಕೆಂಪಗೇ ಇತ್ತು, ಸೀದ ವಾಸನೆ ಬರಲೇ ಇಲ್ಲ.

ಅದೇ ನಿನ್ನನ್ನು ಕೊರೆಯತೊಡಗಿತು. ಇಷ್ಟು ಭಾರ ಹೊತ್ತು ಈ ಧೂಳಲ್ಲಿ ತಣ್ಣಗೆ ಓಡುವ ಕಾರು ಅಲ್ಲಿ ಯಾಕೆ ಹಾಗೆ ಬೆಂದುಹೋಯಿತು? ಮೊದಲ ತಿರುವುಗಳಲ್ಲೇ? “ಅಂಗಾರೆ ನಿಜವಾಗ್ಲೂ ಮಾದಪ್ಪನೇ ಏನಾರ…” ಅಂದವನು ನನ್ನ ಮುಖ ನೋಡಿ ಮತ್ತೆ ಬಾನೆಟ್ಟಿನೊಳಗೆ ತಲೆ ತೂರಿಸಿದೆ. ನಿನಗೂ ಒಳಗೊಳಗೆ ಹೆದರಿಕೆ ಹತ್ತಿತ್ತು, ಅಲ್ಲವಾ?

ಆಯುಧಪೂಜೆಯ ದಿನ ಕಾರಿಗೆ ಮತ್ತೆ ಸಿಂಗಾರವಾಯಿತು. ಮಗನ ಕಾರಿನ ಮೇಲೆ ಅಜ್ಜಿಗೆ ಸಿಟ್ಟಿರಲಿಲ್ಲವಲ್ಲ, ಮೊದಲಿಗಿಂತ ದಪ್ಪನೆಯ ಹಾರ ಕಟ್ಟಿದಳು. ಕುಂಬಳಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ ಮೇಲೆ ಊರವರು “ಕೆರೇಲಿ ಒಂದೆರಡು ಸುತ್ತು ತಿರುಗ್ಸವ್ವ ಗೌರಿ” ಅಂತ ಹಟ ಹಿಡಿದರು. ಹುಡುಗಿ ಕಾರು ಓಡಿಸುವುದು ನೋಡುವುದು ಅವರಿಗೂ ಅಭ್ಯಾಸವಾಗಿಹೋಗಿತ್ತು. ಸ್ವಲ್ಪ ಹೊತ್ತಿಗೇ ಆ ವಾಸನೆ! ನಾನು ಕಾರು ನಿಲ್ಲಿಸಿದೆ, ಇಂಜಿನ್ ನಿಲ್ಲಿಸಲಿಲ್ಲ. ನೀನು ಓಡಿ ಬಂದು ಕಾರಿನ ಮುಂದೆ ನಿಂತು ಹಾರದ ಹಿಂಬದಿಗೆ ಕೈ ಹಾಕಿದೆ. ಮುಂದಿನ ಹೂವು ಆಗಷ್ಟೇ ಕೊಯ್ದಂತಿತ್ತು, ಹಿಂದಿನದು ಬೆಂದ ಸೊಪ್ಪಾಗಿತ್ತು. ಗಾಳಿ ಹೋಗಬೇಕಾದ ಜಾಗವನ್ನು ನಾವೇ ಭಕ್ತಿಯಿಂದ ಮುಚ್ಚಿದ್ದೆವು. ಮಿಡತೆ ಕಿತ್ತವರಿಗೆ ಹಾರ ಕಾಣಲಿಲ್ಲವೇ ಅಂತ ಯಾರಾದರೂ ಕೇಳಬಹುದು. ದೇವರ ಹೂವನ್ನು ಅಡ್ಡಿ ಅಂತ ನೋಡುವ ಕಣ್ಣು ನಮಗೆ ಎಲ್ಲಿಂದ ಬರಬೇಕು?

ಅಜ್ಜಿ ಏರಿಯಿಂದ ಕುಂಟುತ್ತಾ ಇಳಿದು ಬಂದಾಗ ನೀನು ಹಾರಕ್ಕೆ ಅಡ್ಡ ನಿಂತೆ. “ಏನ್ಲಾ ಆಯ್ತು?” ಅಂದಳು. “ಏನಿಲ್ಲ ಕಣವ್ವ, ಎಣ್ಣೆ ಸರೀಗಿಲ್ಲ” ಅಂದೆ. ಅವಳು ಕೇಳುತ್ತಾಳೆಯೇ? ತಾನೇ ಕೈ ಹಾಕಿ ನೋಡಿದಳು, ಬೆಂದ ಹೂವನ್ನು ಬೆರಳಲ್ಲಿ ಹೊಸಕಿದಳು. ಒಮ್ಮೆ ಕಾರನ್ನು ನೋಡಿದಳು, ಒಮ್ಮೆ ನಿನ್ನನ್ನು. ಆಮೇಲೆ ಆ ಹಾರವನ್ನು ತಾನೇ ಎಳೆದು ಕಿತ್ತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ಅಯ್ಯೋ ನನ್ನ ಬುದ್ಧಿಗಷ್ಟು! ಮೂಗು ಮುಚ್ಬುಟ್ಟು ಬೆಟ್ಟ ಅತ್ತು ಅಂದ್ರೆ ಅದ್ಯಾಂಗ್ ಅತ್ತದ್ಲಾ ಮಗಾ? ಬಾಗ್ಲಾಕಿದ್ದು ಮಾದಪ್ಪ ಅಲ್ಲ, ನಾನೇಯಾ!” ಊರೆಲ್ಲ ನಕ್ಕಿತು. ನೀನು ನಗುತ್ತಾ ಕಣ್ಣು ಒರೆಸಿಕೊಂಡೆ. ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಹಾಡು ಕೇಳಿಸಿತು. ನಾನು ಹಾಸಿಗೆಯಲ್ಲೇ ಮಲಗಿ ಪೂರ್ತಿ ಕೇಳಿದೆ.

ಎರಡನೇ ಸಲ ಹೊರಟಾಗ ಕಾರಿನ ಮೂತಿ ಬೋಳು, ಹಾರ ಅಜ್ಜಿಯ ತೊಡೆಯ ಮೇಲೆ. ತಾಳಬೆಟ್ಟದಲ್ಲೇ ನೀನು ಕಡ್ಡಿಯನ್ನು ‘ಎಲ್’ಗೆ ಇಳಿಸಿದೆ. ಅವಸರವಿಲ್ಲದೆ, ನಡೆಯುವವರಿಗಿಂತ ತುಸು ಜೋರಾಗಿ, ಒಂದೊಂದೇ ತಿರುವು. ನಡುವೆ ಅಗಲದ ಜಾಗ ಸಿಕ್ಕಲ್ಲಿ ನಿಲ್ಲಿಸಿ, ಗೇರು ಬಿಡಿಸಿ, ಅಕ್ಸಿಲರೇಟರ್ ತುಸು ಒತ್ತಿ ಹಿಡಿದು ಇಂಜಿನ್ ತಿರುಗಲು ಬಿಟ್ಟೆ. “ಆಫ್ ಮಾಡಿ ಸಾ, ಕಾದೋಗದೆ!” ಅಂತ ದಾರಿಹೋಕರು ಕೂಗಿದರೆ, “ತಣ್ಣಗಾಗ್ಲಿ ಅಂತ್ಲೇ ಓಡುಸ್ತಾ ಇರದು” ಅಂದೆ. ಅವರು ಇವನಿಗೆ ಬುದ್ಧಿ ನೆಟ್ಟಗಿಲ್ಲ ಅಂತ ಮುಖ ಮಾಡಿಕೊಂಡು ಹೋದರು. ಕೊನೆಯ ಏರು ಮುಗಿದು ಗೋಪುರ ಕಂಡಾಗ ಅಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿ “ಉಘೇ ಉಘೇ ಮಾದಪ್ಪಾ!” ಅಂತ ಕೂಗಿದಳು. ನಡೆದು ಬರುತ್ತಿದ್ದವರೆಲ್ಲ ದನಿಗೂಡಿಸಿದರು. ನಿನ್ನ ಕಾರಿನ ಹಾರ್ನ್ ಕೂಡ.

ಆದರೆ ನೀನು ದೇವಸ್ಥಾನದೊಳಗೆ ಬರಲಿಲ್ಲ. ಎಣ್ಣೆ ಆರುವವರೆಗೂ ಇಂಜಿನ್ ಓಡುತ್ತಿರಬೇಕು, ಓಡುವ ಕಾರು ಬಿಟ್ಟು ಬರುವಂತಿಲ್ಲ ಅಂತ ಬಾನೆಟ್ ಎತ್ತಿಕೊಂಡು ಅಲ್ಲೇ ನಿಂತೆ. ನೀನು ಕಾರು ನಿಲ್ಲಿಸಿ ಬರುವಷ್ಟರಲ್ಲಿ ಬಾಗಿಲು ಹಾಕಿದ್ದರು. ಅವ್ವ ಒಳಗೆ ಏನು ಬೇಡಿಕೊಂಡಳು ಅಂತ ನನ್ನನ್ನು ಎಷ್ಟು ಸಲ ಕೇಳಿದೆ! ಮಂಡಿ ನೋವು ವಾಸಿ ಮಾಡು ಅಂದಳು ಅಂತ ನಾನು ಸುಳ್ಳು ಹೇಳಿದೆ. “ಅವ್ನಿಗೆ ಏಳ್ಬ್ಯಾಡ, ಜಂಬ ಬಂದ್ಬುಡ್ತದೆ” ಅಂತ ಅಜ್ಜಿ ನನ್ನ ಕೈಯಲ್ಲಿ ಆಣೆ ಮಾಡಿಸಿಕೊಂಡಿದ್ದಳು. ಹೋದ ತಿಂಗಳು ಅವಳೂ ನಿನ್ನ ಬಳಿಗೇ ಹೊರಟುಬಂದಳು, ಮಲಗಿದ್ದ ಹಾಗೆಯೇ, ಯಾರಿಗೂ ತೊಂದರೆ ಕೊಡದೆ. ಅಲ್ಲಿ ನೀನು ಕೇಳಿದರೂ ಅವಳು ಬಾಯಿ ಬಿಟ್ಟಿರಲಾರಳು. ನನ್ನ ಆಣೆ ತೀರಿತು, ಅದಕ್ಕೇ ಈ ಕಾಗದ.

ಅವಳು ದೇವರ ಮುಂದೆ ಕೂತು, ಹಾರವನ್ನು ಪೂಜಾರಿಯ ಕೈಗೆ ಕೊಟ್ಟು, ಪಕ್ಕದ ಮನೆಯವರ ಜೊತೆ ಮಾತಾಡುವಂತೆ ಅಂದಳು: “ಈ ಸಲ ನಾನು ಬಂದಿಲ್ಲ ಕಣಪ್ಪಾ ಮಾದಪ್ಪ, ನನ್ನ ಮಗ ಬಂದವ್ನೆ. ನನ್ನ ಕರ್ಕಬಂದು ವರ್ಗೆ ಬಿಸ್ಲಲ್ಲಿ ಕಾರ್‍ಗೆ ಗಾಳಿ ಕುಡುಸ್ಕಂಡು ನಿಂತವ್ನೆ, ಒಳಿಕ್ ಬರಂಗಿಲ್ಲ. ನೀನೇ ಒಂದ್ಗಳಿಗೆ ಎದ್ದೋಗಿ ಅವ್ನ ನೋಡ್ಕಂಡು ಬಾ. ಅಲ್ಲೀಗಂಟ ನಾನಿಲ್ಲೇ ಕೂತಿರ್ತೀನಿ.”

ಹಾಗೆಂದು ಅಜ್ಜಿ ಕಣ್ಣು ಮುಚ್ಚಿ ಕೂತೇ ಇದ್ದಳು. ಹಿಂದಿನವರು ಜರುಗಿ ಜರುಗಿ ಅಂದರೂ ಏಳಲಿಲ್ಲ. ಆಮೇಲೆ ಸಮಾಧಾನವಾಗಿ ಕಣ್ಣು ತೆರೆದು, “ನೋಡ್ಕಂಡು ಬಂದ ಕಣವ್ವ, ನಡಿ” ಅಂದಳು. ನಿಜ ಹೇಳು ಮಾವ, ಆ ಹೊತ್ತಿನಲ್ಲಿ ನಿನ್ನ ಕಾರಿನ ಹತ್ತಿರ ಯಾರು ಬಂದಿದ್ದರು?

ನಿನ್ನ ಸೊಸೆ,
ಗೌರಿ