ಬದುವಿಗೆ ಬಂದು ನಿಂತ ಆಣೆಕಲ್ಲು

ಮಾರ್ಚ್ ೧೪, ಮಂಗಳವಾರ, ಮುಂಜಾನೆ

ದ್ರಾಕ್ಷಿ ಸಕ್ಕರಿ ನೋಡಿದ್ವಿ. ಮೀಟರ್‌ನ್ಯಾಗ ಇಪ್ಪತ್ತೊಂದು. ಇನ್ನೊಂದು ವಾರ ಗಿಡದಾಗ ಬಿಡೂಣು ಅಂದ್ರು ಯಜಮಾನ್ರು. ನಾ ಬ್ಯಾಡ ಅಂದೆ. ಕೇಳ್ತಾರೇನು! ದ್ರಾಕ್ಷಿ ಒಣಗಸೂ ಶೆಡ್ ಕಸ ಹೊಡದು ಬಂದೆ.

೨೬ಕ್ಕ ಚರ್ಚಿನ್ಯಾಗ ಸುಗ್ಗಿ ಆರಾಧನಾ. ಬೈಬಲ್ ಪಾಠ ಓದಾಕ ನನ್ನ ಹೆಸರು ಹಾಕ್ಯಾರ. ಸೃಷ್ಟಿ ಎಲ್ಲಾ ದೇವರನ್ನ ಹೊಗಳಲಿ ಅನ್ನೂ ಕೀರ್ತನೆ. ಸೂರ್ಯ, ಚಂದ್ರ... ದೊಡ್ಡ ಯಾದಿ. ರೊಟ್ಟಿ ಬಡಕೋತ ಮೊದಲಿನ ನಾಕು ಸಾಲು ಬಾಯಿಪಾಠ ಆತು. ಭಾಳ ಖುಷಿ.

ಮಾರ್ಚ್ ೧೬, ಗುರುವಾರ

ಹನ್ನೆರಡು ನಿಮಿಷ.

ಆಣೆಕಲ್ಲು. ನಿಂಬಿಹಣ್ಣಿನಷ್ಟು. ತೋಟ ಮುಗೀತು.

ಮಾರ್ಚ್ ೧೯, ರವಿವಾರ

ಚರ್ಚಿನ್ಯಾಗ, ದೇವರು ಮಾಡಿದ ಉಪಕಾರಕ್ಕ ಸಾಕ್ಷಿ ಹೇಳೂ ಹೊತ್ತಿಗೆ, ಶೈಲಾ ವೈನಿ ಎದ್ದು ನಿಂತ್ಲು. ನಮ್ಮ ಬಾಜೂಕ ಅವರ ತೋಟ, ನಡುವ ಒಂದು ಬದು ಅಷ್ಟ.

‘ಆಣೆಕಲ್ಲು ಬದುವಿಗೆ ಬಂದು ನಿಂತಿತ್ರಿ! ಕರ್ತ ನಮ್ಮ ತೋಟದ ಮ್ಯಾಲ ಕೈ ಹಿಡದಾನ್ರಿ! ಸ್ತೋತ್ರ!’

ಮಂದಿ ಎಲ್ಲಾ ಸ್ತೋತ್ರ ಅಂದ್ರು. ಚಪ್ಪಾಳಿ ಬ್ಯಾರೆ. ನಾ ಮುಂದಿನ ಬೆಂಚಿನ್ಯಾಗ ಕುಂತಿದ್ದೆ, ಒಬ್ಬರಿಗೂ ನೆನಪಿಲ್ಲ.

ಹಂಗಾರ ಬದುವಿನ ಈ ಕಡೆ ಅವನ ಕೈ ಎಲ್ಲಿತ್ತು? ಆಂ? ಎರಡ ಎಕರೆ, ಅಷ್ಟ. ಅಲ್ಲಿ ತನಕ ನಿಲುಕಲಿಲ್ಲೇನು? ಮೈ ಉರದು ಹೋತು. ನಡು ಆರಾಧನ್ಯಾಗ ಎದ್ದು ಬಂದೆ. ಯಜಮಾನ್ರು ಬಂದೇ ಇರಲಿಲ್ಲ. ಗುರುವಾರದಿಂದ ಮಾತಿಲ್ಲ ಕತಿ ಇಲ್ಲ, ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾರ.

ಮಾರ್ಚ್ ೨೨, ಬುಧವಾರ, ಸಂಜಿ

ಪಾಸ್ಟರ್ ಸುಹಾಸ ಐನಾಪುರದಿಂದ ಗಾಡಿ ಮ್ಯಾಲ ಬಂದಿದ್ರು. ಚಾ ಕುಡದು, ನೆಲ ನೋಡಕೋತ ಅಂದ್ರು— ‘ಅನುಸೂಯಾ ಅಕ್ಕಾರ, ಪಾಠ ಬದಲಿ ಮಾಡೂಣೇನ್ರಿ? ಆ ಯಾದಿಯಾಗ... ಆಣೆಕಲ್ಲೂ ಐತ್ರಿ.’

ತೆಗದು ನೋಡಿದೆ. ಐತಿ! ಬೆಂಕಿ ಆದ ಕೂಡ್ಲೆ. ಅದೂ ದೇವರ ಸ್ತುತಿ ಮಾಡತೈತಂತ. ನನ್ನ ತೋಟ ಬಡದು ಹಾಕಿದ್ದು ಸ್ತುತಿ? ಥೂ.

‘ಬದಲಿ ಬ್ಯಾಡ್ರಿ. ಇದನ್ನ ಓದ್ತೀನಿ.’

‘ಸಿಟ್ಟಿಲೆ ಓದಬ್ಯಾಡ್ರಿ ಅಕ್ಕಾರ.’

‘ಮತ್ಯಾವ ಬಾಯಿಲೆ ಓದ್ಲಿ? ಇರೂದು ಇದೊಂದ.’

ಚಾದ ಕಪ್ಪು ಇಟ್ಟು ಗಾಡಿ ಚಾಲೂ ಮಾಡಿದ್ರು.

ಅದೊಂದು ಸಾಲಿಗೆ ಪೆನ್ಸಿಲ್‌ಲೆ ಗೆರಿ ಎಳದೇನಿ. ವೈನಿ ಮಾರಿ ನೋಡಿ ಓದಾಕಿ. ನಾಕು ಮಂದಿ ಮುಂದ ಅದು ಬಾಯಾಗ ಬರಲಿಲ್ಲಂದ್ರ, ಇನ್ನ ಚರ್ಚಿನ ಮೆಟ್ಟಲ ಹತ್ತಾಕಿ ಅಲ್ಲ ನಾ. ಆ ದೇವರ ಸಂಬಂಧ ಅಲ್ಲಿಗೆ ತೀರ್ತು.

ಮಾರ್ಚ್ ೨೫, ಶನಿವಾರ

ತೋಟಕ್ಕ ಹೋಗಿದ್ದೆ. ಕೊಳತ ಗೊಂಚಲ, ನೊಣ, ಹುಳಿ ವಾಸನಿ. ಸಿಗದು ಬಿದ್ದ ಟೊಂಗಿಗೆ ಒಂದು ಹಸರ ಚಿಗರ! ಮೈಯೆಲ್ಲಾ ಗಾಯ, ಇದಕ ಚಿಗರೂ ಹುಕಿ.

‘ನಾಚಿಕಿ ಐತೇನ ನಿನಗ? ಬಡದಾಂವನ ಮುಂದ ಮತ್ತ ಮಾರಿ ಎತ್ತತೀಯಲ್ಲ!’

ಒದರೇ ಒದರಿದೆ. ಚೂಟಿ ಒಗೀಬೇಕಂತ ಕೈ ಹಾಕಿದೆ. ಆಗಲಿಲ್ಲ. ಅದಕ್ಕೂ ಸಿಟ್ಟು ಬಂತು.

ಮಾರ್ಚ್ ೨೬, ರವಿವಾರ, ಮಧ್ಯಾಹ್ನ

ಓದಿದೆ.

ಆಣೆಕಲ್ಲಿನ ಸಾಲು ಬಂತು. ಕಿಡಕಿ ಅದರೂಹಂಗ ಓದಿದೆ, ಶೈಲಾ ವೈನಿ ಕಣ್ಣಾಗ ಕಣ್ಣಿಟ್ಟು. ಆಕಿ ತಲಿ ತಗ್ಗಿಸಿದ್ಲು. ಗೆದ್ದೆ ಅನಿಸ್ತು.

ಅದರ ಮುಂದಿನ ಸಾಲು ನಾ ನೋಡೇ ಇರಲಿಲ್ಲ. ಸಿಟ್ಟಿನ್ಯಾಗ ಅದೊಂದನ್ನ ಹಿಡಕೊಂಡು ಕುಂತಿದ್ದೆ. ಗುಡ್ಡ, ಬೆಟ್ಟ ಆದ ಮ್ಯಾಲ... ಹಣ್ಣಿನ ಗಿಡ. ದೇವರು ಅವನ್ನೂ ಕರದಾನ. ಅದೇ ಯಾದಿಯಾಗ. ಹೊಡದದ್ದನ್ನೂ, ಹೊಡಸ್ಕೊಂಡದ್ದನ್ನೂ.

ಓದೂದು ಅಲ್ಲೇ ನಿಂತಿತು. ಅಳು ಬಂತು, ಸಿಟ್ಟಿನ ಅಳು. ಶೈಲಾ ವೈನಿ ಎದ್ದು ಬಂದು ಬಾಜೂಕ ನಿಂತ್ಲು. ಪುಸ್ತಕ ಕಸಗೊಂಡು ತಾನ ಓದತಾಳ ಅನಕೊಂಡೆ. ಇಲ್ಲ. ಸಾಲಿನ ಮ್ಯಾಲ ಬೆರಳಿಟ್ಟು ಕಾದ್ಲು.

ಸಿಟ್ಟು ಇಳದಿಲ್ಲ, ಬರದಿಡ್ತೀನಿ. ಆಕಿ ಮ್ಯಾಲೂ, ಅವನ ಮ್ಯಾಲೂ.

ಸೆರಗಿಲೆ ಮಾರಿ ಒರಸ್ಕೊಂಡೆ. ಓದಿದೆ— ಹಣ್ಣಿನ ಗಿಡಗಳೇ, ನೀವೂ...