ಪಾದ್ರಿಯ ಬೆಟ್ಟದ ಹುಳಿ

೧೧ ಜನವರಿ ೧೯೪೯, ಬಳ್ಳಾರಿ, ಬೆಳಿಗ್ಗೆ

ಉಪ್ಪುನೀರಿನಿಂದ ಗಂಟಲು ತೊಳೆದದ್ದಾಯಿತು. ಸ್ಟೇಜಿನ ದೀಪದ ಹೊಗೆ ಇನ್ನೂ ಹೋಗಿಲ್ಲ. ನಿನ್ನೆ ಮತ್ತೆ ಕುಡುಕ ರಾಜನ ಪಾತ್ರ. ಬಟ್ಟಲಲ್ಲಿ ಬೆಲ್ಲದ ಪಾನಕ, ಕೆಂಪು ಬಣ್ಣ — ಅದರಲ್ಲಿ ನೊಣ! ಉಗುಳಲುಂಟೇ? ಸಿಂಹಾಸನದ ಮೇಲೆ ಕೂತವನು ನುಂಗಲೇಬೇಕು. ನುಂಗಿದೆ. ಗರ್ಜಿಸಿದೆ. ಜನ ಒನ್ಸ್ ಮೋರ್ ಎಂದರು. ಥೂ! ಅದೇ ನೊಣವನ್ನು ಎರಡು ಸಲ ನುಂಗಲಾದೀತೇ?

ಕಂಟೋನ್ಮೆಂಟಿನಿಂದ ಜಡೆಮ್ಮ ಬಂದಿದ್ದಳು. ಫ್ರೆಂಚ್ ಪಾದ್ರಿಯ ಅಡುಗೆಯವಳು. ಪಾದ್ರಿ ಕರೆದಿದ್ದಾರಂತೆ. ಹಾಸಿಗೆ ಹಿಡಿದಿದ್ದಾರೆ, ಪಾಪ. ಕಣ್ಣಿಗೆ ಪೊರೆ ಬಂದ ಮೇಲೂ ನನ್ನ ದನಿ ಕೇಳಲೆಂದೇ ನಾಟಕಕ್ಕೆ ಬರುತ್ತಿದ್ದ ಮನುಷ್ಯ.

ಅದೇ ದಿನ, ಸಂಜೆ

ಮಂಚದ ಪಕ್ಕ ಬಾಟಲಿ. ವೈನು! ಪಾದ್ರಿಯ ಊರು ಫ್ರಾನ್ಸಿನ ಜೂರಾ ಎಂಬ ಬೆಟ್ಟಸಾಲಿನಲ್ಲಿದೆಯಂತೆ. ಮನೆತನದ ದ್ರಾಕ್ಷಿ ತೋಟ. ಯುದ್ಧದಲ್ಲಿ ಹಾಳಾಯಿತೆಂದು ಒಬ್ಬರು, ಉಳಿದಿದೆಯೆಂದು ಇನ್ನೊಬ್ಬರು. ಈಗ ಮದ್ರಾಸಿನಿಂದ ಯಾರೋ ಬಾಟಲಿ ತಂದು, "ನಿಮ್ಮ ತೋಟದ್ದೇ" ಎಂದು ಕೊಟ್ಟು ಹೋಗಿದ್ದಾರೆ. ಆದರೆ ಜ್ವರ ಬಂದಂದಿನಿಂದ ಪಾದ್ರಿಗೆ ರುಚಿಯಿಲ್ಲ, ವಾಸನೆಯಿಲ್ಲ.

"ಸಾಯೋ ಮನುಷ್ಯಾಗ ಎಲ್ಲಾರೂ ಚಲೋದನ್ನ ಹೇಳ್ತಾರ, ಗವಿಸಿದ್ದಪ್ಪ. ನೀವು ಕುಡದು ಹೇಳ್ರಿ. ನಮ್ಮ ತೋಟದ್ದು ಹೌದೋ ಅಲ್ಲೋ, ನಿಮ್ಮ ಮಾತಿನ್ಯಾಗ ಗುರುತು ಹಿಡೀತೀನಿ."

"ಕೊರಳಾಗ ಲಿಂಗ ಐತ್ರಿ, ಫಾದರ್!"

"ಅದಕ್ಕ ನಿಮ್ಮನ್ನ ಕರೆಸಿದ್ದು. ಕುಡುಕರು ಎಲ್ಲಾ ಹೆಂಡಾನೂ ಹೊಗಳ್ತಾರ."

ಲೋಟ ಮೂಗಿನ ಹತ್ತಿರ ತಂದೆ... ಹೇಸಿಗೆ! ತುಟಿಗೆ ತಾಗಿಸಲಿಲ್ಲ. ಗುಟುಕರಿಸಿದ ಸದ್ದು ಮಾತ್ರ ಮಾಡಿದೆ. ಎದ್ದು ನಿಂತು ಗುಡುಗಿದೆ — "ಆಹಾ! ಜೇನು! ಬೆಂಕಿ!" ಕಿಟಕಿಯ ಗಾಜು ಅದುರಿತು.

ಪಾದ್ರಿ ಗೋಡೆಯ ಕಡೆ ಹೊರಳಿದರು. "ಜೇನು, ಬೆಂಕಿ... ಅದು ಬಿಸಿಲ ಸೀಮಿ ವೈನು. ಪ್ಯಾಟ್ಯಾಗ ಕೊಂಡು ತಂದಾರ. ನಮ್ಮ ತೋಟ ಹೋತು ಹಂಗಾದ್ರ."

ಕುಡಿದೇ ಇಲ್ಲ ಎನ್ನಬೇಕಿತ್ತು. ಲೋಟ ಕೆಳಗಿಟ್ಟು ಎದ್ದು ಬಂದೆ. ಛೀ!

೧೫ ಜನವರಿ, ಸಿರುಗುಪ್ಪ

ಗದ್ದೆ ಬಯಲಲ್ಲಿ ನಾಟಕ. ಸೊಳ್ಳೆ, ಕೆಸರಿನ ನಾತ, ಅದೇ ಪಾನಕ. "ಜೇನು! ಬೆಂಕಿ!" — ಕುಡುಕ ರಾಜನ ಮಾತು. ಇದನ್ನೇ ಕದ್ದು ಪಾದ್ರಿಗೆ ಒಪ್ಪಿಸಿ ಬಂದಿದ್ದೆನಲ್ಲ! ಚಪ್ಪಾಳೆ ಬಿತ್ತು. ಚಪ್ಪಾಳೆಯೂ ಅಸಹ್ಯ.

೧೮ ಜನವರಿ, ಬಳ್ಳಾರಿ

ಬಸ್ಸಿಳಿದು ನೇರ ಕಂಟೋನ್ಮೆಂಟಿಗೆ. ಜಡೆಮ್ಮ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು.

"ಅವತ್ತಿನಿಂದ ಗಂಜಿನೂ ಸರಿಯಾಗಿ ಮುಟ್ಟಿಲ್ಲ ನೋಡ್ರಿ ನಿಮ್ಮ ಪಾದ್ರಿ."

"ಆ ಬಾಟಲಿ ಎಲ್ಲಿ ಐತಿ?"

"ಅದಾ? ಹುಳಿ ಹತ್ತಿತ್ರಿ. ಜಡ್ಡಿನ ಮನುಷ್ಯಾಗ ಹುಳಿ ಕೊಡಾಕ ಆಗ್ತೈತೇನು? ಅದಕ್ಕ ಬೆಲ್ಲ, ಶುಂಠಿ, ಮೆಣಸು ಹಾಕಿ ನಿನ್ನೆ ಕಷಾಯ ಕಾಸೀನಿ. ಅದನ್ನೂ ಒಲ್ಲೆ ಅಂದ್ರು. ಚೆಲ್ಲಿದೆ."

"ಅಯ್ಯೋ ಪುಣ್ಯಾತ್ಗಿತ್ತಿ! ಎಂಥಾ ಘಾತ ಮಾಡಿದೆವ್ವಾ!"

"ಮೆಲ್ಲಕ ಒದರ್ರಿ! ಇದು ಸ್ಟೇಜ್ ಅಲ್ಲ."

ಸೀಮೆಎಣ್ಣೆಗೆ ಆದೀತೆಂದು ಬಾಟಲಿ ಮಾತ್ರ ಎತ್ತಿಟ್ಟಿದ್ದಳು. ತಳದಲ್ಲಿ ಒಂದು ಗುಟುಕು. ಬರೀ ಗಷ್ಟು. ಲಿಂಗಕ್ಕೆ ಕೈ ಮುಗಿದೆ. ಪಾದ್ರಿಯ ಮುಂದೆ ನಿಂತು ಬಾಯಿಗೆ ಸುರಿದುಕೊಂಡೆ.

"ಫಾದರ್, ಅವತ್ತು ಕುಡದಿರಲಿಲ್ಲ. ಈಗ ಕುಡದೀನಿ. ಥೂ! ಹುಳಿರೀ! ಹುಣಸಿ ಚಿಗುರು ಕಡದಂಗ. ಜೇನೂ ಇಲ್ಲ, ಬೆಂಕಿನೂ ಇಲ್ಲ. ಕುಂಕುಮ ತೊಳದ ನೀರಿನಂಥಾ ಬಣ್ಣ, ಅಷ್ಟೇ ತೆಳು."

"ಸಮಾಧಾನಕ್ಕ ಹೇಳ್ತೀರಿ."

"ನಾಲಿಗಿ ಒಣಗಿ ಹೋತ್ರಿ, ಕಾಯಿ ನೇರಳಿ ತಿಂದಂಗ! ಹಿಂದಿಂದ ಏನೋ ವಾಸನಿ — ಸುಣ್ಣದ ಗ್ವಾಡಿಗೆ ಮಳಿ ಬಿದ್ದಂಗ..."

ಮುಂದಿನ ಮಾತು ಬರಲಿಲ್ಲ. ಬಂದದ್ದು ಬೇರೆ. ಕಿಟಕಿಗೆ ಓಡಿದೆ. ಕರುಳೇ ಬಾಯಿಗೆ ಬಂತು.

ಹಿಂದಿನಿಂದ ನಗು! "ಇದನ್ನ ಯಾವ ನಟನೂ ಮಾಡಾಕ ಆಗಂಗಿಲ್ಲ! ನಮ್ಮಲ್ಲಿ ಬಿಸಿಲು ಸಾಲದು, ಗವಿಸಿದ್ದಪ್ಪ. ಹಣ್ಣು ಮಾಗಾಕ ಒದ್ದಾಡತೈತಿ. ಅಷ್ಟರಾಗ ಚಳಿ ಬಂದು ಬಿಡತೈತಿ. ಅದಕ್ಕ ಆ ಹುಳಿ. ನೆಲ ಎಲ್ಲಾ ಸುಣ್ಣಕಲ್ಲು... ತೋಟ ಉಳದೈತಿ. ಜಡೆಮ್ಮಾ, ಗಂಜಿ ತಾ."

ಮನೆಯಲ್ಲಿ ಹೆಂಡತಿ ಚನ್ನವೀರಮ್ಮ ಮೂಗು ಮುಚ್ಚಿಕೊಂಡಳು. "ಸ್ಟೇಜಿನ ಮ್ಯಾಲ ಕುಡಿಯೋದು ಸಾಲಲಿಲ್ಲೇನು?" ಬಾಗಿಲ ಹೊರಗೇ ತಲೆಗೆ ನೀರು ಸುರಿದಳು. ಸುರಿಯಲಿ. ಬಾಯಿಯಂತೂ ಇನ್ನೂ ಹೊಲಸು.

೨೪ ಜನವರಿ

ದಿನವೂ ಸಂಜೆ ಅದೇ ಬೇಡಿಕೆ — "ಆ ಹುಳಿ ಹೇಳ್ರಿ." ಹೇಳುತ್ತೇನೆ. ಹೇಳಿದಾಗಲೆಲ್ಲ ಬಾಯಲ್ಲಿ ಅದೇ ಕೆಟ್ಟ ನೀರು ಊರುತ್ತದೆ. ನಾನು ಮುಖ ಕಿವುಚಿದಷ್ಟೂ ದನಿ ಸೊಟ್ಟಗಾಗುತ್ತದೆ, ಅವರ ಮುಖ ಅರಳುತ್ತದೆ. ಇಂಥ ಪ್ರೇಕ್ಷಕ ನನಗೆ ಸಿಕ್ಕಿರಲಿಲ್ಲ.

೨೭ ಜನವರಿ

ಕುರುಗೋಡಿನ ನಾಟಕಕ್ಕೆ ಹೋಗಲಿಲ್ಲ. ಪಾದ್ರಿ ಬೆಳಿಗ್ಗೆಯಿಂದ ಕಣ್ಣು ತೆರೆದಿಲ್ಲ. ಉಸಿರು ಮಾತ್ರ.

"ಹೇಳ್ರಿ. ಕೇಳಿಸ್ತೈತಿ ಅವರಿಗೆ," ಎಂದಳು ಜಡೆಮ್ಮ.

ಮಂಚದ ಪಕ್ಕ ನೆಲದ ಮೇಲೆ ಕೂತೆ. ಕಿವಿಯ ಹತ್ತಿರ, ಮೆಲ್ಲಗೆ. ಮೊದಲು ಹುಣಸೆ ಚಿಗುರು. ಆಮೇಲೆ ನೇರಳೆಯ ಒಗರು. ಆಮೇಲೆ ಸುಣ್ಣದ ಗೋಡೆ, ಮಳೆ... ಅವರ ಬೆರಳು ಅಲುಗಿತು. ಆಮೇಲೆ — ಕಿಟಕಿಗೆ ಓಡಿದ್ದನ್ನು ಹೇಳುವ ಮೊದಲೇ ಉಸಿರು ನಿಂತಿತು.