ಅಜ್ಜಿ, ಕೂತ್ಕೊಳ್ಳಿ

ದೇಗು ನಗರ
ಮಾರ್ಚ್ ೯, ಭಾನುವಾರ

ಪ್ರೀತಿಯ ಮಗಳು ಹೇರಿಮ್‌ಗೆ,

ಗಂಟಲು ಹೇಗಿದೆ? ಮೊನ್ನೆ ನಿನ್ನ ದನಿ ಕಟ್ಟಿಹೋಗಿತ್ತು. ಔಷಧಿ ತೆಗೆದುಕೋ ಎಂದರೆ ಕೇಳುವವಳಲ್ಲ ನೀನು. ಮರಸೇಬನ್ನು ಜೇನಿನಲ್ಲಿ ಬೇಯಿಸಿ ಶೀಶೆಗೆ ತುಂಬಿದ್ದೇನೆ, ಬಸ್ಸಿನವರ ಕೈಯಲ್ಲಿ ಕಳಿಸುತ್ತೇನೆ. ನಾನು ಇದ್ದೇನೆ. ಹೆಬ್ಬೆರಳಿನ ಗಂಟುಗಳು ಮಾತ್ರ ಸಂಜೆಯಾದರೆ ನನ್ನ ಮಾತು ಕೇಳುವುದಿಲ್ಲ, ಊಟದ ಕಡ್ಡಿ ಜಾರಿ ಜಾರಿ ಬೀಳುತ್ತದೆ. ಮೂವತ್ತು ವರ್ಷ ಊರಿನವರ ಬೆನ್ನು ಒತ್ತಿದ ಬೆರಳು, ಇನ್ನೇನಾಗುತ್ತದೆ?

ಫೋನಿನಲ್ಲಿ ಹೇಳಲಾಗಲಿಲ್ಲ. ಎರಡು ಸಲ ನಿನ್ನ ನಂಬರು ಒತ್ತಿ ಇಟ್ಟುಬಿಟ್ಟೆ. ಅದಕ್ಕೇ ಬ್ರೈಲ್ ಚುಕ್ಕಿ ಚುಚ್ಚುತ್ತಾ ಕುಳಿತಿದ್ದೇನೆ. ಈ ಚುಕ್ಕಿಗಳನ್ನು ಬೆರಳಿನಿಂದಲ್ಲದೆ ಕಣ್ಣಿನಿಂದ ಓದುವವಳು ನನಗೆ ಗೊತ್ತಿರುವಂತೆ ನೀನೊಬ್ಬಳೇ.

ಮಸಾಜಿನ ಪರವಾನಗಿ ನಮ್ಮ ದೇಶದಲ್ಲಿ ಕಣ್ಣಿಲ್ಲದವರಿಗೆ ಮಾತ್ರ, ಕಣ್ಣಿರುವವರು ದುಡ್ಡಿಗೆ ಮಾಡಿದರೆ ಅಪರಾಧ. ಇದನ್ನು ನಿನಗೆ ನಾನು ಹೇಳಿಕೊಡಬೇಕಿಲ್ಲ. ಆ ಹಕ್ಕು ಹೋಗಿಯೇಬಿಡುತ್ತದೆ ಎಂದು ಎಲ್ಲರೂ ಹೆದರಿದ ವರ್ಷ ನಿನ್ನಪ್ಪ ರಾಜಧಾನಿ ಸಿಯೋಲ್‌ಗೆ ಹೋಗಿ ಸೇತುವೆಯ ಮೇಲೆ ನಿಂತು ಕೂಗಿ ಬಂದರು. ಬಂದವರಿಗೆ ವಾರವೆಲ್ಲ ಜ್ವರ. ನೀನು ಅವರ ಬೆನ್ನು ಒತ್ತುತ್ತಾ, "ಅಪ್ಪಾ, ನಂಗೆ ಕಣ್ಣು ಕಾಣ್ಸೋದೇ ತಪ್ಪಾ?" ಎಂದು ಕೇಳಿದ್ದೆ. ಅವರು ನಕ್ಕುಬಿಟ್ಟಿದ್ದರು. "ಇವಳ ಕೈ ನಿನ್ನದಕ್ಕಿಂತ ಚೆನ್ನಾಗಿದೆ ಕಣೇ, ಏನು ಮಾಡೋಣ" ಎಂದು ಆಮೇಲೆ ನನ್ನ ಹತ್ತಿರ ಹೇಳಿದರು.

ಪೋಹಾಂಗ್‌ನಲ್ಲಿ ಮುಖಕ್ಕೆ ಕ್ರೀಮು ಹಚ್ಚುವ ಅಂಗಡಿ ಇಟ್ಟಿದ್ದೀಯ ಎಂದೇ ನಾನು ನಂಬಿದ್ದೆ. ನಿಜಕ್ಕೂ ನಂಬಿದ್ದೆನೋ, ಕೇಳಲು ಸುಸ್ತಾಗಿ ನಂಬಿದ್ದೆನೋ ತಿಳಿಯದು. ಮೊನ್ನೆ ಗುರುವಾರ, ಕಣ್ಣಿರುವವರು ಕದ್ದು ಮಸಾಜು ಮಾಡುವ ಒಂದು ಅಂಗಡಿಯ ಮುಂದೆ ಕೂಗಲೆಂದು ನಮ್ಮ ಸಂಘದವರೆಲ್ಲ ಬಸ್ಸು ಹತ್ತಿದೆವು. ಸಂಘದ ಅಧ್ಯಕ್ಷ ಮಾಂಗ್ ಆ ಅಂಗಡಿಯ ಹೆಸರು ಹೇಳಿದರು, ನನಗೇನೂ ಹೊಳೆಯಲಿಲ್ಲ. ನೀನು ನನಗೆ ಹೇಳಿದ್ದ ಹೆಸರೇ ಬೇರೆ. ಇಳಿದು ಸಾಲಾಗಿ ನಿಂತೆವು. "ಕಣ್ಣಿರೋರಿಗೆ ನೂರು ಕೆಲ್ಸ, ನಮಗಿರೋದು ಇದೊಂದೇ!" ಎಂದು ಅವರು ಕೂಗಿದರೆ ನಾವೂ ಕೂಗಿದೆವು. ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ.

ಆಗ ಬಾಗಿಲು ತೆರೆದ ಸದ್ದು. ಯಾರೋ ನನ್ನ ಮುಂದೆ ಬಂದು ನಿಂತರು. ಒಂದು ಕೆಮ್ಮು ಕೇಳಿಸಿತು. ಆಮೇಲೆ ನನ್ನ ಹಿಂದೆ ಕುರ್ಚಿ ಎಳೆದ ಸದ್ದು, ಆಮೇಲೆ ನಿನ್ನ ದನಿ: "ಅಜ್ಜಿ, ಕೂತ್ಕೊಳ್ಳಿ. ಕಾಲು ನೋಯುತ್ತೆ."

ಹೆತ್ತವಳನ್ನು ಯಾರೋ ಅಜ್ಜಿಯೆಂಬಂತೆ ಬಹುವಚನದಲ್ಲಿ ಕರೆದೆ ನೀನು. ನನ್ನ ಮಾನ ಉಳಿಸಲೆಂದೇ ಎಂದು ಆ ಕ್ಷಣವೇ ಗೊತ್ತಾಯಿತು. ನಾನೂ ಗುರುತಿಲ್ಲದವಳ ಹಾಗೆಯೇ ಕುಳಿತೆ. ನೀನು ಬಾರ್ಲಿ ಚಹಾದ ಲೋಟ ನನ್ನ ಕೈಗಿಟ್ಟೆ, ನಿನ್ನ ಬೆರಳು ತಾಗಿತು. ಅದರ ತುದಿ ನನ್ನದರ ಹಾಗೆಯೇ ಒರಟಾಗಿದೆ ಮಗಳೇ.

ಬರುವಾಗ ಬಸ್ಸಿನಲ್ಲಿ ಮಾಂಗ್, "ಹುಡುಗಿ ಒಳ್ಳೆಯವಳೇ ಬಿಡಿ, ಬೈಯೋಕೂ ಮನಸ್ಸು ಬರ್ಲಿಲ್ಲ" ಎಂದರು. ಪಕ್ಕದ ಸೀಟಿನ ಚುನ್‌ಜಾ, ನಾಲ್ಕು ತಿಂಗಳಿಂದ ಒಬ್ಬ ಗಿರಾಕಿಯೂ ಸಿಗದವಳು, "ಅವಳ ಒಳ್ಳೇತನ ನಾನು ಬೇಯಿಸ್ಕೊಂಡು ತಿನ್ಲಾ?" ಎಂದಳು. ಇಬ್ಬರ ಮಾತೂ ಸರಿಯೆನಿಸಿತು. ಕಿಟಕಿಗೆ ತಲೆ ಆನಿಸಿ ನಿದ್ದೆ ಬಂದವಳ ಹಾಗೆ ಇದ್ದುಬಿಟ್ಟೆ. ಕಾನೂನು ನನ್ನ ಪರವಾಗಿದೆ, ಹೇರಿಮ್. ಅದು ಇಲ್ಲದಿದ್ದರೆ ನಿನ್ನ ಶಾಲೆಯ ಬೂಟೂ ಬರುತ್ತಿರಲಿಲ್ಲ. ಆದರೂ ಬಂದ ರಾತ್ರಿಯೇ ಕೂತು ನಿನಗೆಂದು ಮರಸೇಬು ಹೆಚ್ಚಿದೆ.

ಕೆಳಮನೆಯ ಅಕ್ಕ ನಿನ್ನನ್ನು ಕೇಳಿದಳು. ನಿನ್ನ ಕೈ ಬೆಚ್ಚಗಿರಲಿ, ಹೊಟ್ಟೆ ತುಂಬಿರಲಿ.

ಇಂತಿ ನಿನ್ನ ಅಮ್ಮ,
ಓಕ್‌ಬುನ್

ಮರೆತಿದ್ದೆ: ಈ ಗುರುವಾರ ಮತ್ತೆ ಬರುತ್ತೇವೆ, ಪೊಲೀಸರನ್ನೂ ಕರೆದುಕೊಂಡು. ನಾನೂ ಬರುತ್ತೇನೆ; ಚುನ್‌ಜಾಳ ಕೈ ಬಿಟ್ಟು ಮನೆಯಲ್ಲಿ ಕೂರಲಾರೆ. ಅಷ್ಟರೊಳಗೆ ಬೀಗ ಹಾಕಿ ಊರಿಗೆ ಬಂದುಬಿಡು, ಮುಂದಿನದನ್ನು ಇಬ್ಬರೂ ಕೂತು ಯೋಚಿಸೋಣ. ಬೀಗ ಹಾಕಲು ಮನಸ್ಸಾಗದಿದ್ದರೆ, ಅವತ್ತು ಹೊರಗೆ ಬಂದು ಎಲ್ಲರೆದುರು ಅಮ್ಮಾ ಎಂದು ಕೂಗು. ನಾನು ಓಗೊಡುತ್ತೇನೆ.